ಕೆಂಗೇರಿ ದಾಟಿದರೆ ಚಂದ್ರ!

ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿಯಲ್ಲಿ ಇಳಿದು, ಇನ್ನೊಂದಷ್ಟು ದೂರ ಹೋದರೆ ಬ್ಯಾಲಾಳು ಸಿಗುತ್ತೆ. ಚಂದ್ರಯಾನದ ಸಂಕೇತ ಹಿಡಿಯುವ ಇಸ್ರೋದ 32 ಮೀಟರ್ ಆಂಟೆನಾ ಇರೋದು ಅಲ್ಲೇ. ಬಂದ ದತ್ತಾಂಶ ಕಾಪಿಡುವ ಕೇಂದ್ರವೂ ಅಲ್ಲೇ. ಇಸ್ರೋದ ‘ಪ್ರದಾನ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಚಂದ್ರಯಾನ-2 ತೆಗೆದ ಚಿತ್ರಗಳು ನಿಮಗೂ ಉಚಿತ.

ಆ ಚಿತ್ರಗಳನ್ನು ನಕ್ಷೆಯಾಗಿಸುವವರ ಕೈಯಲ್ಲಿರೋದು ಜಿಐಎಸ್. ನಮ್ಮ ರಸ್ತೆ, ಕೆರೆಗಳನ್ನು ಗುರುತಿಸುವ ಅದೇ ತಂತ್ರಾಂಶ. ಆದರೆ ಚಂದ್ರನ ತ್ರಿಜ್ಯ ಬರೀ 1,737 ಕಿ.ಮೀ. ಇಲ್ಲಿ ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿ.ಮೀ., ಅಲ್ಲಿ 30. ಭೂಮಿಯ ಸೆಟ್ಟಿಂಗ್ ಬದಲಿಸದಿದ್ದರೆ 3 ಕಿ.ಮೀ. ಕುಳಿ 11 ಕಿ.ಮೀ. ಆಗಿಬಿಡುತ್ತೆ!

ಇದು ಲೆಕ್ಕದ ತಮಾಷೆಯಲ್ಲ. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿಯಲು ಗೊತ್ತು ಮಾಡಿದ್ದ ಜಾಗ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲ. ಚಂದ್ರಯಾನ-2ರ ಕ್ಯಾಮೆರಾ 100 ಕಿ.ಮೀ. ಎತ್ತರದಿಂದ ಸುಮಾರು 25 ಸೆಂ.ಮೀ. ವಿವರ ಹಿಡಿಯಬಲ್ಲದು. ದಕ್ಷಿಣ ಧ್ರುವದ ಕಡೆ ಸೂರ್ಯ ಮೇಲೇರುವುದೇ ಕಡಿಮೆ, ನೆರಳು ಉದ್ದುದ್ದ. ಕಪ್ಪಗೆ ಕಂಡಿದ್ದು ಗುಂಡಿಯೋ, ಬಂಡೆಯ ನೆರಳೋ? ಅದನ್ನು ಬಿಡಿಸಿ ಹೇಳೋದೇ ಕಸುಬು.

ಹಾಗಂತ ನಾಳೆಯೇ ರಾಜೀನಾಮೆ ಬರೀಬೇಡಿ. ಗ್ರಹಗಳ ನಕ್ಷೆಯದ್ದೇ ಪೂರ್ಣಾವಧಿ ಕೆಲಸಗಳು ಬೆರಳೆಣಿಕೆಯಷ್ಟು: ಇಸ್ರೋ, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ಕೆಲವು ವಿಶ್ವವಿದ್ಯಾಲಯಗಳು. ಭೂವಿಜ್ಞಾನ ಅಥವಾ ದೂರಸಂವೇದನೆಯಲ್ಲಿ ಎಂ.ಎಸ್ಸಿ., ಎಂ.ಟೆಕ್., ಹಲವೆಡೆ ಪಿಎಚ್.ಡಿ. ಬೇಕು. ಬರೀ ಕೋಡಿಂಗ್ ಸಾಲದು, ಕಲ್ಲುಮಣ್ಣಿನ ಗುಣ ಗೊತ್ತಿರಬೇಕು. ಸಮಾಧಾನ ಒಂದೇ, ಕಲಿತ ಜಿಐಎಸ್ ಭೂಮಿಯ ಮೇಲೂ ಅನ್ನ ಹಾಕುತ್ತೆ.

ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ ಉಚಿತ ಆನ್‌ಲೈನ್ ಕೋರ್ಸ್ ನಡೆಸುತ್ತೆ. ಕ್ಯೂಜಿಐಎಸ್ ತಂತ್ರಾಂಶಕ್ಕೂ ದುಡ್ಡಿಲ್ಲ. ಈ ಭಾನುವಾರ ಒಂದು ಚಿತ್ರ ಇಳಿಸಿಕೊಂಡು ಕುಳಿಗಳನ್ನು ಎಣಿಸಿ ನೋಡಿ. ಕುಳಿ ಹೆಚ್ಚಿದ್ದಷ್ಟೂ ಆ ನೆಲ ಹಳೆಯದು.