ಹೊಸ ತೆಪ್ಪಕ್ಕೆ ನ್ಯಾಯವಾದ ಬೆಲೆ: ಕೊಳ್ಳುವ ಮುನ್ನ ತಿಳಿದಿರಬೇಕಾದ ವಿಷಯಗಳು

ಕರಾವಳಿಯ ನಮಗೆ ದೋಣಿ ಹೊಸದೇನಲ್ಲ. ಹಾಯಿ ದೋಣಿಯ ಕಾಲದಿಂದ ಇಂದಿನ ಟ್ರಾಲ್ ಬೋಟಿನವರೆಗೆ ದೋಣಿ ಕೊಳ್ಳುವುದು, ಮಾರುವುದು, ಸಾಲ ತೀರಿಸುವುದು ನಮ್ಮ ಅನೇಕ ಕುಟುಂಬಗಳ ದಿನನಿತ್ಯದ ಮಾತು. ಆದರೆ ಘಟ್ಟದ ಮೇಲಿನ ನದಿ ಮೀನುಗಾರರ ಕಷ್ಟಸುಖ ನಮಗೆ ಅಷ್ಟಾಗಿ ತಿಳಿದಿಲ್ಲ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಕಪಿಲಾ ಮತ್ತು ಕಾವೇರಿಯನ್ನೇ ನಂಬಿ ಬದುಕುವ ಕುಟುಂಬಗಳಿವೆ. ಅವರ ಆಸ್ತಿ ಎಂದರೆ ಒಂದು ತೆಪ್ಪ, ಒಂದು ಹುಟ್ಟು, ನಾಲ್ಕು ಬಲೆ. ಹೊಸ ತೆಪ್ಪ ಕೊಳ್ಳುವಾಗ ಮೋಸ ಹೋದರೆ ಆ ಮನೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಆದ್ದರಿಂದ ಸ್ವಸಹಾಯ ಸಂಘಗಳ ಮೂಲಕ ಇಂತಹ ಕುಟುಂಬಗಳ ನಡುವೆ ಸೇವೆ ಮಾಡುವ ಕಾರ್ಯಕರ್ತರಿಗೆ ನೆರವಾಗಲೆಂದು ಈ ಮಾಹಿತಿಯನ್ನು ನೀಡುತ್ತಿದ್ದೇವೆ.

ತೆಪ್ಪ ಎಂದರೇನು?

ಕೇರಳದ ವಯನಾಡಿನಲ್ಲಿ ಹುಟ್ಟುವ ಕಬಿನಿ ಅಥವಾ ಕಪಿಲಾ ನದಿ ಹೆಚ್.ಡಿ. ಕೋಟೆ ತಾಲ್ಲೂಕಿನ ಅಣೆಕಟ್ಟನ್ನು ದಾಟಿ, ನಂಜನಗೂಡಿನ ಮೂಲಕ ಹರಿದು, ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಹೊಳೆಯಲ್ಲಿ ಎಲ್ಲೆಡೆ ಆಳವಿಲ್ಲ. ಬಂಡೆ, ಮರಳದಿಣ್ಣೆ, ಸುಳಿ ಎಲ್ಲವೂ ಇವೆ. ಕರಾವಳಿಯ ಉದ್ದ ದೋಣಿ ಇಲ್ಲಿ ಕೆಲಸಕ್ಕೆ ಬಾರದು. ಹಾಯಿಗಂತೂ ಕೆಲಸವೇ ಇಲ್ಲ. ಆದ್ದರಿಂದ ಬುಟ್ಟಿಯಂತೆ ದುಂಡಗಿರುವ, ಒಬ್ಬನೇ ತಲೆಯ ಮೇಲೆ ಹೊತ್ತು ದಡಕ್ಕೆ ಸಾಗಿಸಬಹುದಾದ ತೆಪ್ಪವನ್ನೇ ಇಲ್ಲಿಯವರು ಬಳಸುತ್ತಾರೆ. ಇದನ್ನು ಹರಿಗೋಲು ಎಂದೂ ಕರೆಯುತ್ತಾರೆ.

ಇದು ಬಹಳ ಹಳೆಯ ಸಾಧನ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯಲ್ಲಿ ಚರ್ಮ ಹೊದಿಸಿದ ಬುಟ್ಟಿ ದೋಣಿಗಳನ್ನು ಕಂಡು, ಅವು ನೇರವಾಗಿ ಹೋಗದೆ ಸುತ್ತುತ್ತಲೇ ಸಾಗುತ್ತವೆಂದು ಬರೆದಿದ್ದಾನೆ. ಮುಂದೆ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು ಬಂದವು. ಈಗ ಫೈಬರ್ ತೆಪ್ಪಗಳೂ ಬಂದಿವೆ.

ಬಿದಿರೋ, ಫೈಬರೋ?

ಚೌಕಾಸಿಗೆ ಮೊದಲು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಬಿದಿರಿನ ತೆಪ್ಪ ಅಗ್ಗ, ಹಗುರ. ಕೆಟ್ಟರೆ ಊರಿನಲ್ಲೇ ರಿಪೇರಿ ಮಾಡಿಕೊಳ್ಳಬಹುದು. ಆದರೆ ಡಾಂಬರು ಮತ್ತೆ ಮತ್ತೆ ಬಳಿಯಬೇಕು, ದಬ್ಬೆ ಕೊಳೆಯುತ್ತದೆ. ಫೈಬರ್ ತೆಪ್ಪಕ್ಕೆ ಒಮ್ಮೆಗೆ ಹೆಚ್ಚು ಹಣ ಬೇಕು. ಆದರೆ ಹೆಚ್ಚು ವರ್ಷ ಬಾಳುತ್ತದೆ.

ಬೆಲೆಯನ್ನು ಮಾತ್ರ ನೋಡದೆ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂದು ನೋಡಬೇಕು. ಲೆಕ್ಕದ ಕ್ರಮ ತಿಳಿಯಲು ಒಂದು ಉದಾಹರಣೆ: ಬಿದಿರಿನ ತೆಪ್ಪಕ್ಕೆ ರೂ. 4,000, ಬಾಳಿಕೆ 2 ವರ್ಷ, ವಾರ್ಷಿಕ ರಿಪೇರಿ ರೂ. 800 ಎಂದಾದರೆ ವರ್ಷಕ್ಕೆ ರೂ. 2,800 ಆಯಿತು. ಫೈಬರ್ ತೆಪ್ಪಕ್ಕೆ ರೂ. 16,000, ಬಾಳಿಕೆ 8 ವರ್ಷ ಎಂದಾದರೆ ವರ್ಷಕ್ಕೆ ರೂ. 2,000. ತಮ್ಮ ಊರಿನ ನಿಜವಾದ ಬೆಲೆ ಮತ್ತು ಬಾಳಿಕೆಯನ್ನು ಹಳೆಯ ಮೀನುಗಾರರಿಂದ ಕೇಳಿ ಇದೇ ರೀತಿ ಲೆಕ್ಕ ಹಾಕಿಕೊಳ್ಳಬಹುದು.

ಬೆಲೆ ಎಲ್ಲಿಂದ ಬರುತ್ತದೆ?

ಫೈಬರ್ ತೆಪ್ಪದ ಬೆಲೆಯಲ್ಲಿ ಗ್ಲಾಸ್ ಮ್ಯಾಟ್, ರೆಸಿನ್, ಕೂಲಿ, ಸಾಗಾಟ, ತೆರಿಗೆ ಮತ್ತು ತಯಾರಕರ ಲಾಭ ಸೇರಿರುತ್ತವೆ. ಮ್ಯಾಟಿನ ಪದರಗಳು ಕಡಿಮೆಯಾದರೆ ತೆಪ್ಪ ಅಗ್ಗವಾಗುತ್ತದೆ, ಬಂಡೆಗೆ ತಗುಲಿದಾಗ ಬೇಗ ಸೀಳುತ್ತದೆ. ಹೊರಗಿನ ಬಣ್ಣ ನೋಡಿ ಇದನ್ನು ಹೇಳಲಾಗದು. ಆದ್ದರಿಂದ ಬೆಲೆ ಕೇಳುವಾಗ ಈ ಐದು ವಿಷಯಗಳನ್ನು ಬರೆಸಿಕೊಳ್ಳಬೇಕು:

1. ಮೇಲ್ಭಾಗದ ಅಗಲ, ತಳದ ಅಗಲ ಮತ್ತು ಎತ್ತರ.
2. ತಳದಲ್ಲಿ ಎಷ್ಟು ಪದರ, ಅಂಚಿನಲ್ಲಿ ಎಷ್ಟು ಪದರ.
3. ತೆಪ್ಪದ ಒಟ್ಟು ತೂಕ.
4. ಮಗುಚಿದರೂ ಮುಳುಗದಂತೆ ಒಳಗೆ ಫೋಮ್ ತುಂಬಿದ ಭಾಗ ಇದೆಯೇ ಇಲ್ಲವೇ.
5. ಹುಟ್ಟು, ಕೂರುವ ಹಲಗೆ, ಸಾಗಾಟ ಬೆಲೆಯಲ್ಲಿ ಸೇರಿದೆಯೇ.

ಕನಿಷ್ಠ ಮೂರು ಕಡೆ ಇದೇ ಪಟ್ಟಿಯನ್ನು ಕೊಟ್ಟು ಬೆಲೆ ಪಡೆಯಬೇಕು. ಆಗ ಮಾತ್ರ ಹೋಲಿಕೆಗೆ ಅರ್ಥವಿರುತ್ತದೆ. ಒಂದೇ ಅಳತೆಯ ಎರಡು ತೆಪ್ಪಗಳಲ್ಲಿ ಒಂದು 10 ಕಿಲೋ ಹಗುರವಾಗಿದ್ದರೆ ಅಷ್ಟು ಸಾಮಗ್ರಿ ಎಲ್ಲಿ ಹೋಯಿತೆಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.

ತೆರಿಗೆಯ ಬಗ್ಗೆಯೂ ಎಚ್ಚರ ಬೇಕು. ಮೀನುಗಾರಿಕಾ ದೋಣಿಗೆ ಜಿಎಸ್‌ಟಿ ಶೇ. 5. ವಿಹಾರದ ದೋಣಿಗೆ ಇದಕ್ಕಿಂತ ಬಹಳ ಹೆಚ್ಚು. ಬಿಲ್ಲಿನಲ್ಲಿ ಮೀನುಗಾರಿಕೆಗೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ತಯಾರಕರು ತೆರಿಗೆ ಎಂದು ಪ್ರತ್ಯೇಕ ಹಣ ಕೇಳುವಂತಿಲ್ಲ.

ಮಾತುಕತೆ ನಡೆಸುವುದು ಹೇಗೆ?

ಮೊದಲನೆಯದಾಗಿ, ಕೈಯಲ್ಲಿ ಎಷ್ಟು ಹಣವಿದೆ ಎಂದು ಮೊದಲೇ ಹೇಳಬಾರದು. ಸಹಾಯಧನದ ಮಾತನ್ನೂ ಎತ್ತಬಾರದು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ. 40, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಸಹಾಯಧನ ನಿಗದಿಯಾಗಿತ್ತು. ಇಂತಹ ನೆರವು ಇದೆ ಎಂದು ಗೊತ್ತಾದರೆ ಕೆಲವು ಮಾರಾಟಗಾರರು ಬೆಲೆಯನ್ನೇ ಏರಿಸುತ್ತಾರೆ. ರೂ. 16,000ದ ತೆಪ್ಪಕ್ಕೆ ಶೇ. 40 ನೆರವು ಸಿಕ್ಕರೆ ಮೀನುಗಾರನ ಪಾಲು ರೂ. 9,600. ಅದೇ ತೆಪ್ಪಕ್ಕೆ ರೂ. 20,000 ಎಂದು ಬಿಲ್ಲು ಮಾಡಿದರೆ ಅವನ ಪಾಲು ರೂ. 12,000 ಆಗುತ್ತದೆ. ನೆರವು ಸಿಕ್ಕಿತೆಂಬ ಸಂತೋಷದಲ್ಲಿ ರೂ. 2,400 ಹೆಚ್ಚು ಕೊಟ್ಟದ್ದು ಅವನ ಗಮನಕ್ಕೇ ಬರುವುದಿಲ್ಲ. ಸದ್ಯ ಯಾವ ಯೋಜನೆ ಇದೆ, ಯಾರು ಅರ್ಹರು ಎಂಬುದನ್ನು ಬೆಲೆ ಮಾತನಾಡುವ ಮುನ್ನವೇ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬೇಕು.

ಎರಡನೆಯದಾಗಿ, ಒಟ್ಟಾಗಿ ಕೊಳ್ಳಬೇಕು. ತೆಪ್ಪಗಳನ್ನು ಬುಟ್ಟಿಯಂತೆ ಒಂದರೊಳಗೊಂದು ಇಡಬಹುದು. ಒಂದು ತೆಪ್ಪ ತರಲು ಟೆಂಪೋ ಬಾಡಿಗೆ ರೂ. 3,000 ಆದರೆ ಐದು ತೆಪ್ಪ ತರಲೂ ಹೆಚ್ಚುಕಡಿಮೆ ಅಷ್ಟೇ, ತಲಾ ರೂ. 600 ಬೀಳುತ್ತದೆ. ತಯಾರಕರಿಗೂ ಒಮ್ಮೆಗೆ ಐದು ತೆಪ್ಪಗಳ ಕೆಲಸ ಸಿಗುವುದರಿಂದ ಬೆಲೆ ಇಳಿಸಲು ಮನಸ್ಸು ಬರುತ್ತದೆ. ಸ್ವಸಹಾಯ ಸಂಘದ ಇಬ್ಬರು ಮಾತನಾಡಲಿ. ಅದರಲ್ಲಿ ಒಬ್ಬರು ನೀರಿಗಿಳಿದು ಅನುಭವ ಇರುವವರಾಗಿರಲಿ.

ಮೂರನೆಯದಾಗಿ, ಕಾಲ ನೋಡಬೇಕು. ಮಳೆಗಾಲದಲ್ಲಿ ಕಬಿನಿ ತುಂಬಿ ನೀರು ಬಿಟ್ಟಾಗ ಹೊಳೆಗೆ ಇಳಿಯುವಂತಿಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ನಂಜನಗೂಡಿನಲ್ಲಿ ಕಪಿಲೆ ರಸ್ತೆಗೇ ಬಂದಿದ್ದನ್ನು ಅನೇಕರು ನೆನಪಿಸಿಕೊಳ್ಳುತ್ತಾರೆ. ನೀರು ಇಳಿದ ಕೂಡಲೇ ಎಲ್ಲರೂ ತೆಪ್ಪ ಹುಡುಕುವುದರಿಂದ ಬೆಲೆ ಏರುತ್ತದೆ. ಬೇಸಿಗೆಯಲ್ಲೇ ಆರ್ಡರ್ ಕೊಡುವುದು ಒಳ್ಳೆಯದು. ತೇವದ ಹವೆಯಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗದಿರುವ ಸಾಧ್ಯತೆ ಇರುವುದರಿಂದ ಗುಣಮಟ್ಟದ ದೃಷ್ಟಿಯಿಂದಲೂ ಬೇಸಿಗೆಯೇ ಸೂಕ್ತ.

ಮಾತು ಹೇಗಿರಬೇಕು? "ಅಣ್ಣ, ಇದಕ್ಕೆ ಎಷ್ಟಕ್ಕೆ ಬಿಡ್ತೀರಾ?" ಎಂದು ಕೇಳಿದರೆ ಬಾಯಿಗೆ ಬಂದ ಒಂದು ಅಂಕಿ ಸಿಗುತ್ತದೆ. "ಅಣ್ಣ, ತಳಕ್ಕೆ ಇನ್ನೊಂದು ಪದರ ಹಾಕಿದ್ರೆ ಎಷ್ಟು ಜಾಸ್ತಿ ಆಗುತ್ತೆ? ಹುಟ್ಟು ನಾವೇ ಮಾಡ್ಕೊಂಡ್ರೆ ಎಷ್ಟು ಕಮ್ಮಿ ಮಾಡ್ತೀರಾ?" ಎಂದು ಕೇಳಿದರೆ ಎದುರಿನವರು ಲೆಕ್ಕದ ಮಾತಿಗೆ ಬರುತ್ತಾರೆ.

ಅತಿಯಾಗಿ ಹಿಂಡುವುದೂ ಸರಿಯಲ್ಲ. ಸಾಮಗ್ರಿ ಮತ್ತು ಕೂಲಿಗಿಂತ ಕೆಳಗೆ ಬೆಲೆ ಇಳಿಸಿದರೆ ತಯಾರಕರು ಒಂದು ಪದರ ಕಡಿಮೆ ಹಾಕಿ ಸರಿದೂಗಿಸುತ್ತಾರೆ. ಬಿದಿರಿನ ಕೆಲಸದವರ ವಿಷಯದಲ್ಲಿಯೂ ಇದೇ ಮಾತು. ದಬ್ಬೆ ಸೀಳಿ ಹೆಣೆಯುವವರ ಎರಡು ದಿನದ ಕೂಲಿಯನ್ನು ಉಳಿಸಿಕೊಂಡು ಪಡೆದ ಬೆಲೆ ಅಗ್ಗವಿರಬಹುದು, ನ್ಯಾಯವಾದ ಬೆಲೆಯಂತೂ ಅಲ್ಲ.

ಬಡ್ಡಿ ಇಲ್ಲದ ಸಾಲದ ಬೆಲೆ

ಮೀನುಗಾರನಿಗೆ ಹೆಚ್ಚು ನಷ್ಟವಾಗುವುದು ತೆಪ್ಪದ ಬೆಲೆಯಲ್ಲಿ ಅಲ್ಲ, ಅದಕ್ಕೆ ಹಣ ತರುವ ರೀತಿಯಲ್ಲಿ. ಮೀನು ವ್ಯಾಪಾರಿಯೊಬ್ಬರು "ಬಡ್ಡಿ ಬೇಡ, ಹಿಡಿದ ಮೀನೆಲ್ಲ ನನಗೇ ಕೊಡು" ಎಂದು ರೂ. 15,000 ಮುಂಗಡ ಕೊಟ್ಟರು ಎಂದುಕೊಳ್ಳೋಣ. ಮೀನಿಗೆ ಪೇಟೆಗಿಂತ ಕಿಲೋಗೆ ರೂ. 8 ಕಡಿಮೆ ಕೊಡುತ್ತಾರೆ. ದಿನಕ್ಕೆ 6 ಕಿಲೋ, ತಿಂಗಳಿಗೆ 20 ದಿನ ಎಂದರೂ ತಿಂಗಳಿಗೆ ರೂ. 960, ವರ್ಷಕ್ಕೆ ರೂ. 11,520 ಹೋಯಿತು. ಅಸಲು ಹಾಗೆಯೇ ಉಳಿದಿರುತ್ತದೆ! ಇದೇ ಹಣವನ್ನು ಸಂಘದಿಂದ ಶೇ. 12ರ ವಾರ್ಷಿಕ ಬಡ್ಡಿಗೆ ತಂದಿದ್ದರೆ ಇಡೀ ವರ್ಷಕ್ಕೆ ರೂ. 1,800 ಮಾತ್ರ. ಈ ಲೆಕ್ಕವನ್ನು ಸಂಘದ ಸಭೆಯಲ್ಲಿ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಬೇಕೆಂದು ಕಾರ್ಯಕರ್ತರಲ್ಲಿ ವಿಶೇಷವಾಗಿ ವಿನಂತಿಸುತ್ತೇವೆ.

ಪರೀಕ್ಷಿಸದೆ ಪೂರ್ತಿ ಹಣ ಬೇಡ

ಮುಂಗಡ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಡದಿರುವುದು ಒಳ್ಳೆಯದು. ಉಳಿದ ಹಣವನ್ನು ನೀರಿನಲ್ಲಿ ಪರೀಕ್ಷೆಯಾದ ಮೇಲೆಯೇ ಕೊಡುವುದಾಗಿ ಮೊದಲೇ ಬರೆದುಕೊಳ್ಳಬೇಕು.

ಮೊದಲು ದಡದಲ್ಲಿ ನೋಡಬೇಕು. ನಾಣ್ಯದಿಂದ ತಳವನ್ನು ಮೆಲ್ಲಗೆ ತಟ್ಟುತ್ತಾ ಹೋದಾಗ ಒಂದು ಕಡೆ ಮಾತ್ರ ಸದ್ದು ಮಂಕಾಗಿ ಬಂದರೆ ಅಲ್ಲಿ ಪದರಗಳು ಅಂಟಿಲ್ಲದಿರಬಹುದು. ಗಾಳಿಗುಳ್ಳೆ, ಹೊರಗೆ ಚಾಚಿದ ಎಳೆ, ಕೈಗೆ ಅಂಟುವ ಜಿಗುಟು ಇರಬಾರದು.

ಬಳಿಕ ಆಳವಿಲ್ಲದ ಕಡೆ ನೀರಿಗಿಳಿಸಿ 50 ಕಿಲೋ ತೂಕದ ಆರು ಮರಳಿನ ಚೀಲಗಳನ್ನು ಸಮವಾಗಿ ಇಡಬೇಕು. ಇದು ನಾಲ್ಕು ಜನರ ಭಾರಕ್ಕೆ ಸಮ. ತಳದ ಅಗಲ ಒಂದೂವರೆ ಮೀಟರ್ ಇದ್ದರೆ ಪ್ರತಿ 17ರಿಂದ 18 ಕಿಲೋ ಭಾರಕ್ಕೆ ತೆಪ್ಪ ಸುಮಾರು 1 ಸೆಂ.ಮೀ. ಇಳಿಯುತ್ತದೆ. ಹಾಗಾಗಿ 300 ಕಿಲೋ ಭಾರಕ್ಕೆ 17 ಸೆಂ.ಮೀ.ನಷ್ಟು ಇಳಿಯಬೇಕು. ಒಂದು ಗಂಟೆ ಬಿಟ್ಟು ಒಳಗೆ ನೀರು ಜಿನುಗಿದೆಯೇ, ಅಂಚು ನೀರಿನಿಂದ ಎಷ್ಟು ಮೇಲಿದೆ ಎಂದು ನೋಡಬೇಕು.

ಜನರನ್ನು ಸಾಗಿಸುವ ಉದ್ದೇಶವಿದ್ದರೆ ಸ್ಥಳೀಯ ಆಡಳಿತದ ಅನುಮತಿಯ ಬಗ್ಗೆ ಮೊದಲೇ ವಿಚಾರಿಸಬೇಕು. ಲೈಫ್ ಜಾಕೆಟಿನ ಖರ್ಚನ್ನೂ ತೆಪ್ಪದ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಹಿಂತಿರುಗುತ್ತಿದ್ದ ದೋಣಿ ಮಗುಚಿ ಹದಿನಾರು ಜೀವಗಳು ಹೋದದ್ದನ್ನು ಕರಾವಳಿಯ ನಾವು ಮರೆತಿಲ್ಲ. ತಿ. ನರಸೀಪುರದ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆಯುತ್ತಾ ಬಂದಿದೆ. ಅಂತಹ ಜನಸಂದಣಿಯ ದಿನಗಳಲ್ಲಿ ನಾಲ್ಕು ಜನರ ತೆಪ್ಪಕ್ಕೆ ಎಂಟು ಜನರನ್ನು ಹತ್ತಿಸುವ ಆಸೆ ಯಾರಿಗೂ ಬಾರದಿರಲಿ.

ಮೋಸವಾದರೆ?

ಬಿಲ್ಲು, ಹಣ ಕೊಟ್ಟ ರಶೀದಿ ಮತ್ತು ಒಂದು ವರ್ಷದ ಗ್ಯಾರಂಟಿ ಪತ್ರ ಮನೆಯಲ್ಲಿ ಭದ್ರವಾಗಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ವಸ್ತು ಕೊಂಡವರೂ ಗ್ರಾಹಕರೇ. ಮೊದಲು ಮಾರಿದವರಿಗೆ ಲಿಖಿತವಾಗಿ ತಿಳಿಸಬೇಕು. ಅವರು ಸ್ಪಂದಿಸದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಇಲ್ಲವೇ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ರೂ. 5 ಲಕ್ಷದವರೆಗಿನ ವಸ್ತುವಿನ ದೂರಿಗೆ ಶುಲ್ಕವಿಲ್ಲ.

ಓದು ಬರಹ ತಿಳಿಯದ ಮೀನುಗಾರನಿಗೆ ಈ ಪಟ್ಟಿಯನ್ನು ಓದಿ ಹೇಳುವುದು, ಬೆಲೆ ಮಾತನಾಡುವ ದಿನ ಜೊತೆಗೆ ಹೋಗುವುದು, ಪತ್ರ ಬರೆದು ಕೊಡುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. ಅರ್ಧ ದಿನದ ಬಿಡುವು ಸಾಕು. ಬೆಲೆಯಲ್ಲಿ ಉಳಿದ ಎರಡು ಸಾವಿರ ರೂಪಾಯಿ ಅವರ ಮನೆಯಲ್ಲಿ ಮಕ್ಕಳ ಪುಸ್ತಕಕ್ಕೋ, ಹೊಸ ಬಲೆಗೋ ಆಗುತ್ತದೆ. ಕಾರ್ಯಕರ್ತರು ಇದನ್ನು ತಮ್ಮ ಸಂಘಗಳ ಮುಂದಿನ ಸಭೆಯಲ್ಲಿ ಚರ್ಚೆಗೆ ಎತ್ತಿಕೊಳ್ಳುವರೆಂದು ನಂಬಿದ್ದೇವೆ.