ಬಾಣಂತಿಯ ತೀವ್ರ ತಲೆನೋವು: ‘ಸನ್ನಿ’ ಎಂದು ಕಾಯುವುದು ಅಪಾಯಕರ

ಹೆರಿಗೆಯಾದ ಎರಡು–ಮೂರು ವಾರಗಳಲ್ಲಿ ಬಾಣಂತಿಗೆ ತಲೆ ಸಿಡಿಯುವಂತಹ ನೋವು ಬಂದರೆ ಅದನ್ನು ಶೀತ, ನಂಜು ಅಥವಾ ದೃಷ್ಟಿದೋಷವೆಂದು ಭಾವಿಸಿ, ಹಣೆಗೆ ಪಟ್ಟು ಹಾಕಿ ಮಲಗಿಸುವ ವಾಡಿಕೆ ಗ್ರಾಮಗಳಲ್ಲಿ ಇನ್ನೂ ಉಳಿದಿದೆ. ಮುಂದೆ ಫಿಟ್ಸ್ ಕಾಣಿಸಿಕೊಂಡಾಗ ಅದಕ್ಕೆ ‘ಬಾಣಂತಿ ಸನ್ನಿ’ ಎಂಬ ಹೆಸರು. ಇಂತಹ ಹಲವು ಪ್ರಕರಣಗಳಲ್ಲಿ ನಿಜವಾದ ಕಾರಣ ಮೆದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿರುವುದು.

ಹೆರಿಗೆಯ ನಂತರ ಕೆಲವು ವಾರ ರಕ್ತದ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಬಾಣಂತಿಗೆ ನೀರನ್ನು ಅಳೆದು ಕೊಡುವ ಪದ್ಧತಿಯಿಂದ ಅಪಾಯ ಮತ್ತಷ್ಟು ಹೆಚ್ಚುತ್ತದೆ. ಮೆದುಳಿನಿಂದ ಹೃದಯಕ್ಕೆ ಹಿಂದಿರುಗಬೇಕಾದ ರಕ್ತಕ್ಕೆ ಹೆಪ್ಪು ಅಡ್ಡವಾದಾಗ, ತಲೆಬುರುಡೆ ಹಿಗ್ಗದ ಕಾರಣ ಒಳಗಿನ ಒತ್ತಡ ಏರುತ್ತದೆ.

ಈ ನೋವು ಸಾಮಾನ್ಯವಾಗಿ ಮಲಗಿದಾಗ, ಬೆಳಗಿನ ಜಾವ, ಕೆಮ್ಮಿದಾಗ ಅಥವಾ ಬಗ್ಗಿದಾಗ ಹೆಚ್ಚುತ್ತದೆ. ಬೆನ್ನಿಗೆ ಅರಿವಳಿಕೆ ಚುಚ್ಚುಮದ್ದು ಪಡೆದವರಿಗೆ ಬರುವ ತಲೆನೋವು ಇದಕ್ಕೆ ವ್ಯತಿರಿಕ್ತವಾಗಿ ಮಲಗಿದಾಗ ಕಡಿಮೆಯಾಗುತ್ತದೆ. ವಾಂತಿ, ಕಣ್ಣು ಮಂಜಾಗುವುದು, ಫಿಟ್ಸ್, ಒಂದು ಕೈ ಅಥವಾ ಕಾಲು ಸೋಲುವುದು ಕಂಡುಬಂದರೆ ಒಂದು ಗಂಟೆಯನ್ನೂ ಕಳೆಯಬಾರದು. ಏರಿದ ರಕ್ತದೊತ್ತಡದಿಂದಲೂ ಇವೇ ಚಿಹ್ನೆಗಳು ಕಾಣಬಹುದು. ಅದೂ ತುರ್ತು ಸ್ಥಿತಿಯೇ.

ಸಾಮಾನ್ಯ ಸಿ.ಟಿ. ಸ್ಕ್ಯಾನ್‌ನಲ್ಲಿ ಹೆಪ್ಪು ಕಾಣದೇ ಹೋಗಬಹುದಾದ್ದರಿಂದ ಅಭಿಧಮನಿಗಳನ್ನು ತೋರಿಸುವ ಎಂ.ಆರ್. ಪರೀಕ್ಷೆ ಅಗತ್ಯವಾಗಬಹುದು. ಹೆಪ್ಪು ಬೆಳೆಯದಂತೆ ಹೆಪಾರಿನ್ ನೀಡಲಾಗುತ್ತದೆ. ಮೆದುಳಿನಲ್ಲಿ ರಕ್ತಸ್ರಾವ ಕಂಡರೂ ಈ ಔಷಧಿ ಕೊಡುವುದನ್ನು ನೋಡಿ ಮನೆಯವರು ಗಾಬರಿಗೊಳ್ಳುವುದುಂಟು. ಆದರೆ ಈ ಕಾಯಿಲೆಗೆ ಅದೇ ಅಂಗೀಕೃತ ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಾಣಂತಿಯರಿಗೇ ಹೆಪಾರಿನ್ ನೀಡಿ ನಡೆಸಿದ ಅಧ್ಯಯನ 1995ರಲ್ಲಿ ಪ್ರಕಟವಾಗಿದೆ. ಊತ ವಿಪರೀತವಾದರೆ ಮ್ಯಾನಿಟಾಲ್, ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ನಂತರ ಕೆಲವು ತಿಂಗಳು ವಾರ್ಫರಿನ್ ಮಾತ್ರೆ ಮುಂದುವರಿಯುತ್ತದೆ. ಈ ಎರಡೂ ಔಷಧಿಗಳ ಕಾರಣಕ್ಕೆ ಮಗುವಿಗೆ ಎದೆಹಾಲು ನಿಲ್ಲಿಸಬೇಕಿಲ್ಲ.

ಆಶಾ ಕಾರ್ಯಕರ್ತೆಯರು 42ನೇ ದಿನದವರೆಗೆ ಬಾಣಂತಿಯ ಮನೆಗೆ ಭೇಟಿ ನೀಡುತ್ತಾರೆ. ಪ್ರತಿ ಭೇಟಿಯಲ್ಲಿ ತಲೆನೋವಿನ ಬಗ್ಗೆ ಹಾಗೂ ಕುಡಿಯುವ ನೀರಿನ ಪ್ರಮಾಣದ ಬಗ್ಗೆ ವಿಚಾರಿಸುವಂತೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಸದಸ್ಯರು ತಿಳಿಸುವುದು. ಈ ಕಾಯಿಲೆಯಿಂದ ಚೇತರಿಸಿಕೊಂಡ ಮಹಿಳೆಗೆ ಈಸ್ಟ್ರೋಜನ್ ಇರುವ ಮಾಲಾ–ಎನ್ ಮಾತ್ರೆ ನೀಡತಕ್ಕದ್ದಲ್ಲ. ಸಾಗರ ರಸ್ತೆಯಲ್ಲಿರುವ ಆಯನೂರಿನಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ದೂರವಲ್ಲ. ಒಳಗಿನ ಹಳ್ಳಿಗಳಿಂದ ರಾತ್ರಿ ವೇಳೆ ಮುಖ್ಯರಸ್ತೆ ತಲುಪುವುದೇ ಕಷ್ಟ. ಆದ್ದರಿಂದ ತಲೆನೋವು ಮತ್ತು ವಾಂತಿ ಒಟ್ಟಿಗೆ ಕಂಡ ಕೂಡಲೇ, ಬೆಳಗಾಗುವವರೆಗೆ ಕಾಯದೆ, 108ಕ್ಕೆ ಕರೆ ಮಾಡಿ ಹೆರಿಗೆಯಾದ ದಿನಾಂಕವನ್ನು ತಿಳಿಸುವುದು.