'ರಕ್ತದಲ್ಲೇ ಇದೆ' ಅನ್ನೋರಿಗೆ ಒಂದು ಜೀನ್‌ನ ಕಥೆ

ಅಕ್ಕನಿಗೆ ಗೊತ್ತಾಗಿದ್ದ ಒಂದು ಸಂಬಂಧ ಮುರಿದುಬಿತ್ತು. ಕಾರಣ ನಮ್ಮ ಸೋದರಮಾವ. 21ನೇ ವಯಸ್ಸಿಗೆ ಅವರಿಗೆ ಸ್ಕಿಜೋಫ್ರೇನಿಯಾ ಶುರುವಾಗಿತ್ತು. 'ರಕ್ತದಲ್ಲೇ ಇದೆಯಲ್ಲಾ' ಅಂದರು ಗಂಡಿನ ಕಡೆಯವರು. ಅವತ್ತು ಅಮ್ಮ ಅಕ್ಕನನ್ನಲ್ಲ, ನನ್ನನ್ನು ನೋಡುತ್ತಿದ್ದಳು. ನನಗಾಗ 19.

ಅಮ್ಮನ ಭಯ ಪೂರ್ತಿ ಸುಳ್ಳಲ್ಲ. ಈ ಕಾಯಿಲೆ ಗಂಡಸರಲ್ಲಿ ಹೆಚ್ಚಾಗಿ ಹದಿಹರೆಯದ ಕೊನೆ ಅಥವಾ 20ರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತೆ. ಹೆಂಗಸರಲ್ಲಿ ಕೆಲವು ವರ್ಷ ತಡ. ಖಿನ್ನತೆಯ ಲೆಕ್ಕವೇ ಬೇರೆ: ಅದು ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು.

ಯಾಕೆ ಹೀಗೆ? ಎಂಜಿನಿಯರಿಂಗ್ ಓದಿದ ನನ್ನ ತಲೆಗೆ ಮೊದಲು ಹೊಳೆದದ್ದು ಎಕ್ಸ್ ಮತ್ತು ವೈ ಕ್ರೋಮೋಸೋಮ್. ಹೆಣ್ಣು ಗಂಡಿನ ವ್ಯತ್ಯಾಸ ಅಲ್ಲೇ ತಾನೇ ಇರೋದು? ಆದರೆ ಉತ್ತರ ಅಷ್ಟು ಸಲೀಸಲ್ಲ.

ಸಿ4 ಅನ್ನೋ ಜೀನ್ ನೋಡಿ. ಅದಿರೋದು ಆರನೇ ಕ್ರೋಮೋಸೋಮಿನಲ್ಲಿ, ಅಂದರೆ ಇಬ್ಬರಲ್ಲೂ ಒಂದೇ ಜಾಗದಲ್ಲಿ. ರೋಗನಿರೋಧಕ ವ್ಯವಸ್ಥೆಗೆ ಬೇಕಾದ ಪ್ರೋಟೀನ್ ತಯಾರಿಸೋದು ಅದರ ಕೆಲಸ. ಇದರ ಕೆಲವು ರೂಪಗಳು ಸ್ಕಿಜೋಫ್ರೇನಿಯಾ ಅಪಾಯವನ್ನು ಹೆಚ್ಚಿಸುತ್ತವೆ ಅಂತ ಹಾರ್ವರ್ಡ್‌ನ ಸ್ಟೀವನ್ ಮೆಕ್‌ಕ್ಯಾರಲ್ ತಂಡ 2016ರಲ್ಲಿ ತೋರಿಸಿತು. 2020ರಲ್ಲಿ ಇನ್ನೊಂದು ವಿಷಯ ಹೊರಬಂತು: ಅವೇ ರೂಪಗಳು ಲೂಪಸ್ ಕಾಯಿಲೆಯಿಂದ ರಕ್ಷಣೆ ಕೊಡುತ್ತವೆ. ಲೂಪಸ್ ಹೆಚ್ಚಾಗಿ ಕಾಡೋದು ಹೆಂಗಸರನ್ನು. ಈ ಅಪಾಯ, ಈ ರಕ್ಷಣೆ ಎರಡೂ ಗಂಡಸರಲ್ಲೇ ಜಾಸ್ತಿ. 20ರಿಂದ 50ರ ವಯಸ್ಸಿನಲ್ಲಿ ಗಂಡಸರ ರಕ್ತದಲ್ಲೂ ಮಿದುಳಿನ ಸುತ್ತಲ ದ್ರವದಲ್ಲೂ ಸಿ4 ಪ್ರೋಟೀನ್ ಹೆಚ್ಚಿರುವುದು ಇದಕ್ಕೆ ಕಾರಣವಿರಬಹುದು ಅನ್ನುತ್ತಾರೆ ಸಂಶೋಧಕರು. ಜೀನ್ ಒಂದೇ, ಅದು ಕೆಲಸ ಮಾಡುವ ದೇಹ ಬೇರೆ.

ಖಿನ್ನತೆಯಲ್ಲೂ ಇಂಥದ್ದೊಂದು ಸುಳಿವಿದೆ. ಸ್ವೀಡನ್ನಿನ 42 ಸಾವಿರ ಅವಳಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಂಶವಾಹಿಗಳ ಪಾಲು ಹೆಂಗಸರಲ್ಲಿ ಶೇ. 42, ಗಂಡಸರಲ್ಲಿ ಶೇ. 29. ಹಾಗಂತ ಒಬ್ಬಾಕೆಯ ದುಃಖದಲ್ಲಿ ಶೇ. 42 ಜೀನಿನದ್ದು ಅಂತಲ್ಲ. ಒಂದಿಡೀ ಜನಸಮೂಹದಲ್ಲಿ ಕೆಲವರಿಗೆ ಬಂದು ಕೆಲವರಿಗೆ ಬಾರದಿರುವ ವ್ಯತ್ಯಾಸದಲ್ಲಿ ಜೀನಿನ ಪಾಲು ಅಷ್ಟು. 'ಹೆಂಗಸರ ಮನಸ್ಸೇ ದುರ್ಬಲ' ಅನ್ನೋಕೆ ಇದು ಪುರಾವೆಯಲ್ಲ.

ಇನ್ನು ರಕ್ತದ ಮಾತು. ಒಂದೇ ಜೀನ್‌ಗಳ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಬಂದರೆ, ಇನ್ನೊಬ್ಬರಿಗೆ ಬಾರದೇ ಇರುವ ಉದಾಹರಣೆಗಳೇ ಹೆಚ್ಚು. ಹಾಗಿರುವಾಗ ಸೋದರಮಾವನ ಕಾಯಿಲೆ ನೋಡಿ ಸೊಸೆಯ ಹಣೆಬರಹ ಬರೆಯೋಕಾಗುತ್ತಾ?

ಮನೆಯಲ್ಲಿ ಇಂಥ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಯಾವ ವಯಸ್ಸಲ್ಲಿ ಎಚ್ಚರ ಬೇಕು ಅಂತ ಮಕ್ಕಳಿಗೆ ಹೇಳಿ. ಮಾವನನ್ನು ಡಾಕ್ಟರ ಹತ್ತಿರ ಕರೆದೊಯ್ಯೋಕೆ ನಮ್ಮವರು ಮೂರು ವರ್ಷ ತಗೊಂಡರು. ಅದಕ್ಕೆ ಕಾರಣ ಜೀನ್ ಅಲ್ಲ, ನಾಚಿಕೆ.